ಬಾಗಿಲ ಹಿಡಿಗೆ ಕಟ್ಟಿದ ಬಟ್ಟೆ

"ಅದನ್ನೂ ಮೂಸಿ ನೋಡಿಬಿಡಿ, ಅದೊಂದು ಬಾಕಿ ಇತ್ತು," ಎಂದಳು ಶೌಚಾಲಯ ತೊಳೆಯುವ ಕೊಳಾಯಕ್ಕ, ಬಕೆಟ್ಟನ್ನು ಠಣ್ಣನೆ ನೆಲಕ್ಕಿಟ್ಟು.

ಟೀಚರಮ್ಮ ಮೂಸಲಿಲ್ಲ. ಸಾರ್ವಜನಿಕ ಶೌಚಾಲಯದ ಕೊನೆಯ ಬಾಗಿಲೆದುರು ಮಂಡಿಯೂರಿ ಕೂತು, ಹಿಡಿಯ ಸಡಿಲ ಮೊಳೆಗೆ ಸಿಕ್ಕಿಕೊಂಡಿದ್ದ ಒಂದು ತುಂಡು ನೂಲನ್ನು ಉಗುರ ತುದಿಯಿಂದ ಬಿಡಿಸುತ್ತಿದ್ದಳು. ಒಂದೆಳೆ ಹಳದಿ, ಒಂದೆಳೆ ಹಸಿರು. ಎರಡೂ ಒಂದನ್ನೊಂದು ತಬ್ಬಿಕೊಂಡಂತೆ ಹೆಣೆದುಕೊಂಡಿದ್ದವು.

ಅವಳು ಯಾವ ಶಾಲೆಯಲ್ಲೂ ಪಾಠ ಹೇಳಿದವಳಲ್ಲ. ಕೀಲಿ ಮಾಡುವವನ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಕಳೆದುಹೋದವರನ್ನು ಹುಡುಕಿಕೊಡುವ ಪತ್ತೇದಾರಿಣಿ. ಆದರೆ ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದನ್ನೂ ಬಿಸಿಲಿರಲಿ ಮೋಡವಿರಲಿ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಳ್ಳುವುದನ್ನೂ ಕಂಡು ಉದ್ಯಾನದವರು ಟೀಚರಮ್ಮ ಎಂದು ಹೆಸರಿಟ್ಟುಬಿಟ್ಟಿದ್ದರು. ತಿದ್ದುವಷ್ಟು ಬಾಯಿ ಅವಳಿಗಿರಲಿಲ್ಲ.

ಮಗಳು ಗುಬ್ಬಿಯನ್ನು ಹುಡುಕಿಕೊಡಿ ಎಂದು ದರ್ಜಿಯಮ್ಮ ಕಣ್ಣೀರಿಟ್ಟು ಹೋದ ಮೇಲೆ ಸಿಕ್ಕ ಸುಳಿವೆಲ್ಲ ಪೇಟೆ ನಡುವಿನ ಈ ಮೂರು ಮೂಲೆಯ ಉದ್ಯಾನಕ್ಕೆ ಬಂದು ನಿಂತಿತ್ತು. ಇವತ್ತು ಬಂದು ನೋಡಿದರೆ ಗುಬ್ಬಿ ಇಲ್ಲ, ಅವಳ ಜೊತೆಗಾರ ಏಣಿ ಈ ಬಾಗಿಲ ಹಿಂದೆ ಪ್ರಜ್ಞೆಯಿಲ್ಲದೆ ಬಿದ್ದಿದ್ದ.

ಏಣಿ ಅಂದರೆ ಎತ್ತರದ ಹುಡುಗ. ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಪಾದಗಳೆರಡೂ ಹೊರಗೇ ಉಳಿದಿದ್ದವು. ಆಸ್ಪತ್ರೆಯವರು ಅವನನ್ನು ಹೊತ್ತುಕೊಂಡು ಹೋದ ಮೇಲೂ ಟೀಚರಮ್ಮನ ಕಣ್ಣಿಗೆ ಆ ಪಾದಗಳೇ ಕಟ್ಟಿದ್ದವು.

"ಎದ್ದೇಳಿ ಟೀಚರಮ್ಮ, ನೆಲ ಒದ್ದೆ," ಎಂದ ದಫೇದಾರ. ಬಾಗಿಲು ಒಡೆಯಲು ಭುಜ ಕೊಟ್ಟವನು ಅವನೇ. ಈಗ ಅದೇ ಭುಜ ನೀವಿಕೊಳ್ಳುತ್ತ ನಿಂತಿದ್ದ. "ನೂಲು ಹಿಡ್ಕೊಂಡು ಏನು ಮಾಡ್ತೀರಿ? ಕಥೆ ಕಣ್ಣೆದುರಿಗಿದೆ. ಇಬ್ಬರೂ ಸೇರಿ ಡ್ರಗ್ಸ್ ತಗೊಂಡ್ರು. ಹುಡುಗ ಬಿದ್ದ. ಹುಡುಗಿ ಓಟ ಕಿತ್ಲು. ಕೊಟ್ಟವಳೇ ಅವಳು ಅಂತ ನಮ್ಮ ಮೇಲಿನವರು ಆಗಲೇ ತೀರ್ಮಾನ ಮಾಡಿಬಿಟ್ಟಿದಾರೆ."

"ಓಡಿಹೋಗೋವಳು ಹೊದಿಕೆ ಮಡಚಿಟ್ಟು ಹೋಗ್ತಾಳಾ?" ಟೀಚರಮ್ಮನ ದನಿ ಎಂದಿನಂತೆ ಅರ್ಧ ಗಂಟಲಲ್ಲೇ ಇತ್ತು. ಉದ್ಯಾನದ ನಡುವಿನ ಹಳೇ ವಾದ್ಯಮಂಟಪದ ಮೆಟ್ಟಿಲ ಮೇಲೆ ಗುಬ್ಬಿಯ ಹೊದಿಕೆ ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಂತೆಯೇ ಇತ್ತು.

"ಹೆದರಿದವರು ತಲೇನೇ ಮರೆತು ಓಡ್ತಾರೆ. ಹೊದಿಕೆ ಯಾವ ಲೆಕ್ಕ?"

"ತಲೆ ಮರೆತವರು ಮಡಚಲ್ಲ."

ದಫೇದಾರ ನಕ್ಕ. ಕೆಟ್ಟ ಮನುಷ್ಯನಲ್ಲ. ಟೋಪಿ ತೆಗೆದು ಹಣೆ ಒರೆಸಿಕೊಂಡು, ದನಿ ತಗ್ಗಿಸಿದ. "ನೋಡಿ, ಡಾಕ್ಟರು ಫೋನ್ ಮಾಡಿದ್ರು. ಅವನು ಏನು ತಗೊಂಡ, ಅದರಲ್ಲಿ ಏನು ಬೆರೆಸಿದ್ರು ಅಂತ ಗೊತ್ತಾದ್ರೆ ನನ್ನ ಕೈ ನಡೆಯುತ್ತೆ, ಇಲ್ಲಾಂದ್ರೆ ಕಣ್ಣು ಕಟ್ಟಿಕೊಂಡು ತಡಕಾಡಿದ ಹಾಗೆ ಅಂದ್ರು. ಹೇಳಬಲ್ಲವಳು ಆ ಹುಡುಗಿ ಒಬ್ಬಳೇ. ಮಧ್ಯಾಹ್ನದೊಳಗೆ ನೀವಾಗಿ ಕರ್ಕೊಂಡು ಬಂದ್ರೆ ಸಾಕ್ಷಿ ಅಂತ ಬರ್ಕೋತೀನಿ. ನಾನು ಹಿಡಿದ್ರೆ ಆರೋಪಿ. ಅದಕ್ಕಿಂತ ಜಾಸ್ತಿ ನನ್ನ ಕೈಲಿಲ್ಲ. ನನಗೂ ಮಗಳಿದಾಳೆ."

ಟೀಚರಮ್ಮ ನೂಲನ್ನು ಬಸ್ಸಿನ ಹಳೇ ಟಿಕೆಟ್ಟಿನಲ್ಲಿ ಮಡಚಿಟ್ಟುಕೊಂಡು ಎದ್ದಳು. ಹುಡುಗಿ ಸಿಗಬೇಕು, ಹುಡುಗ ಬದುಕಬೇಕು. ಎರಡೂ ಒಂದೇ ಕೆಲಸ ಎಂದು ಆಗ ಅನಿಸಿತ್ತು.

ಉದ್ಯಾನದ ಬೆಂಚುಗಳ ನಡುಮಧ್ಯೆ ಹೊಸದಾಗಿ ಕಬ್ಬಿಣದ ಅಡ್ಡಪಟ್ಟಿ ಬೆಸೆದಿದ್ದರು, ಯಾರೂ ಮೈಚಾಚದಿರಲಿ ಎಂದು. ಅಂಥ ಒಂದು ಬೆಂಚಿನ ಮೇಲೆ ಪಟ್ಟಿಗೆ ಮೊಣಕೈ ಊರಿ, ಸಿಂಹಾಸನದಲ್ಲಿ ಕೂತವನ ಗತ್ತಿನಲ್ಲಿ ಕೂತಿದ್ದವನು ಎಲ್ಲರೂ ಮಂತ್ರಿ ಎಂದು ಕರೆಯುವ ಮುದುಕ. ಗಡ್ಡ ಬಿಳಿ, ಮಾತು ಭಾಷಣ. ಉದ್ಯಾನದಲ್ಲಿ ಎಲ್ಲರಿಗಿಂತ ಹಳಬ. ಪೊಟ್ಟಣ ಮುಟ್ಟುವುದನ್ನು ಬಿಟ್ಟು ವರ್ಷಗಳಾಗಿದ್ದರೂ ಜಾಗ ಬಿಟ್ಟಿರಲಿಲ್ಲ.

"ಬನ್ನಿ, ಬನ್ನಿ. ಬೆಂಚಿಗೆ ಮೂಗುದಾರ ಹಾಕಿದ್ದಾರೆ, ನೋಡಿದಿರಾ? ಇನ್ನು ಮೇಲೆ ಮರಕ್ಕೂ ಬಾಗಿಲು ಇಡ್ತಾರೆ, ನೆರಳಿಗೆ ಯಾರೂ ಬರಬಾರದು ಅಂತ."

ಟೀಚರಮ್ಮ ಪಟ್ಟಿಯ ಈಚೆ ಕೂತಳು. ಏನು ಕೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು.

"ಆ ಬಾಗಿಲ ಹಿಡಿಗೆ ಏನಾದರೂ ಕಟ್ತಿದ್ರಾ?"

ಮಂತ್ರಿಯ ಗತ್ತು ಇಳಿಯಿತು. ಗಡ್ಡದೊಳಗೆ ಬೆರಳಾಡಿಸಿದ.

"ಮೊದಲು ಆ ಬಾಗಿಲುಗಳ ಕೆಳಗೆ ಸಂದು ಇತ್ತು. ಬಗ್ಗಿದ್ರೆ ಒಳಗಿದ್ದವನ ಕಾಲು ಕಾಣ್ತಿತ್ತು. ಕಾಲು ಕೂತಿದೆಯಾ, ಮಲಗಿದೆಯಾ, ಗೊತ್ತಾಗ್ತಿತ್ತು. ಆಮೇಲೆ ಅಂಗಡಿ ಸಂಘದವರು ಅಸಹ್ಯ, ಅಸಹ್ಯ ಅಂತ ಅರ್ಜಿ ಬರೆದು ನೆಲದವರೆಗೂ ಬಾಗಿಲು ಹಾಕ್ಸಿದ್ರು. ಮರ್ಯಾದಸ್ಥ ಬಾಗಿಲು. ಹಾಕ್ಸಿದ ಮೇಲೆ ಮೂರು ಜನ ಒಳಗೇ ಹೋದ್ರು. ಒಳಗೇ ಅಂದ್ರೆ ಅರ್ಥ ಆಯ್ತಲ್ಲ?"

"ಆಯ್ತು."

"ಅದಕ್ಕೇ ಬಟ್ಟೆ ಬಂತು. ಒಳಗೆ ಹೋಗೋವನು ಹಿಡಿಗೆ ಒಂದು ಬಟ್ಟೆ ಕಟ್ಟಿ ಹೋಗಬೇಕು. ಅವನ ಜೊತೆಯವರು ಹೊರಗಿರಬೇಕು. ಆಗಾಗ ಹೋಗಿ ತಟ್ಟಬೇಕು, ಒಳಗಿಂದ ತಿರುಗಿ ತಟ್ಟು ಬರಬೇಕು. ಬರಲಿಲ್ಲವೋ, ಬಾಗಿಲು ಒಡಿ. ಜೊತೆಯವರು ಅಂತಲ್ಲ, ದಾರೀಲಿ ಹೋಗೋ ಯಾರೇ ಆಗಲಿ, ಬಟ್ಟೆ ಕಂಡ್ರೆ ಒಂದು ತಟ್ಟು ತಟ್ಟೇ ಹೋಗಬೇಕು. ಕೊಳಾಯಕ್ಕನೂ ತಟ್ತಾಳೆ, ಬೈಕೊಂಡೇ ತಟ್ತಾಳೆ."

"ಬಟ್ಟೆ ಇಲ್ಲದಿದ್ರೆ?"

"ಒಳಗೆ ನಮ್ಮವರಿಲ್ಲ. ಅಷ್ಟೆ."

"ಯಾರು ಬೇಕಾದ್ರೂ ಬಿಚ್ಚಬಹುದಾ?"

ಮಂತ್ರಿ ಅವಳ ಕಡೆ ತಿರುಗಿದ. ಬೈಗುಳ ಕೇಳಿಸಿಕೊಂಡವನ ಹಾಗಿತ್ತು ಅವನ ಮುಖ. "ಕಟ್ಟಿದವನೇ ಬಿಚ್ಚಬೇಕು ತಾಯಿ. ಇಲ್ಲಿ ಚಪ್ಪಲಿ ಕದೀತಾರೆ. ಹೊದಿಕೆ ಕದೀತಾರೆ. ಮಲಗಿದವನ ಬಾಯೊಳಗಿನ ಬ್ರೆಡ್ಡೂ ಕದೀತಾರೆ, ನಾನೇ ಕದ್ದಿದೀನಿ. ಆ ಬಟ್ಟೆ ಮಾತ್ರ ಯಾರೂ ಮುಟ್ಟಲ್ಲ."

ಹಾಗಾದರೆ ಮುಟ್ಟಿದವರು ಇಲ್ಲಿಯವರಲ್ಲ. ಅದರ ಅರ್ಥ ಗೊತ್ತಿಲ್ಲದವರು.

"ಇವತ್ತು ಬೆಳಿಗ್ಗೆ ಹೊರಗಿದ್ದವಳು ಗುಬ್ಬಿ?"

"ಇನ್ಯಾರು? ಅವಳ ಕರವಸ್ತ್ರ ಕಟ್ಟಿದ್ರು. ತಟ್ತಾನೇ ಇದ್ಲು. ಅವನಿಗೆ ಚಳಿ ಅಂತ ಬಿಸಿ ಟೀ ತರೋಕೆ ರಸ್ತೆ ದಾಟಿ ಹೋದ್ಲು. ಅಲ್ಲಿ ದೊಡ್ಡ ಸಾಲು. ಬರುವಾಗ ಎರಡು ಕೈಯಲ್ಲೂ ಲೋಟ. ಬಾಗಿಲ ಮುಂದೆ ನಿಂತ್ಲು. ಹಿಡಿ ನೋಡಿದ್ಲು. ಆ ಕಡೆ ನೋಡಿದ್ಲು, ಈ ಕಡೆ ನೋಡಿದ್ಲು. ಆಮೇಲೆ ಎರಡೂ ಲೋಟ ಗಿಡಕ್ಕೆ ಸುರಿದು, ಮುಖ ಕೆಂಡ ಮಾಡ್ಕೊಂಡು ಹೊರಟೇಬಿಟ್ಲು. ನಾನು ಕರೆದೆ. ತಿರುಗಲಿಲ್ಲ."

"ಸಿಟ್ಟಾ?"

"ಸಿಟ್ಟಲ್ಲ ತಾಯಿ. ಮನಸ್ಸು ಮುರಿದದ್ದು. ಇವತ್ತು ಇಬ್ಬರೂ ಚಿಕಿತ್ಸಾ ಕೇಂದ್ರಕ್ಕೆ ಸೇರೋದು ಅಂತಿತ್ತು. ಅವನೇ ಹೇಳಿದ್ದ. ಬಟ್ಟೆ ಇಲ್ಲ ಅಂದ್ರೆ ಅವನು ಎದ್ದು ಹೋಗಿಬಿಟ್ಟಿದಾನೆ, ಮಾತು ತಪ್ಪಿದಾನೆ ಅಂತ ತಾನೇ ಅವಳು ತಿಳ್ಕೊಳ್ಳೋದು?"

ಓಡಿಹೋಗಲಿಲ್ಲ. ಅವನು ಕೈಬಿಟ್ಟ ಎಂದುಕೊಂಡು ಹೋದಳು. ಆ ಹುಡುಗಿ ಬಾಗಿಲಿನಿಂದ ಒಂದು ತೋಳು ದೂರದಲ್ಲಿ ನಿಂತಿದ್ದಳು. ಅವನು ಒಳಗೇ ಇದ್ದ.

ಅಂಗಡಿ ಸಂಘದ ಕಾರ್ಯದರ್ಶಿಯ ಮೇಲೆ ಮೊದಲು ಅನುಮಾನ ಹೋಯಿತು. ಉದ್ಯಾನಕ್ಕೆ ಬೀಗ ಹಾಕಿಸಲು ಕಂಕಣ ಕಟ್ಟಿದ್ದವನು, ದಿನವೂ ಬೆಳಿಗ್ಗೆ ಬಂದು ಮಲಗಿದವರ ಫೋಟೋ ತೆಗೆಯುತ್ತಿದ್ದವನು ಅವನು.

"ಅವನಾ?" ಕೊಳಾಯಕ್ಕ ಮೂಗು ಮುರಿದಳು. "ಅವನು ಕಂಬಿ ಆಚೆಯಿಂದಲೇ ಫೋಟೋ ಹೊಡೀತಾನೆ. ಒಳಗೆ ಕಾಲಿಟ್ರೆ ಬೂಟು ಮೈಲಿಗೆ ಆಗುತ್ತಲ್ಲ. ಇವತ್ತೂ ಅಲ್ಲೇ ನಿಂತಿದ್ದ, ಹೋದ."

"ಬೇರೆ ಯಾರಾದರೂ ಹೊಸಬರು?"

ಕೊಳಾಯಕ್ಕ ಪೊರಕೆಗೆ ಗಲ್ಲ ಊರಿ ಯೋಚಿಸಿದಳು. "ಒಬ್ಬಳು ಹೆಂಗಸು ಬಂದಿದ್ಲು. ಮರ್ಯಾದಸ್ಥಳ ಹಾಗಿದ್ಲು. ಕೊಳಾಯಿ ಹತ್ರ ನಿಂತು ಅಳ್ತಿದ್ಲು. ಯಾರದೋ ಮನೆಯವರು ಇರಬೇಕು ಅಂದ್ಕೊಂಡೆ, ಹಾಗೆ ಬರ್ತಾರೆ ಒಬ್ಬೊಬ್ಬರು, ನೋಡ್ತಾರೆ, ಹೋಗ್ತಾರೆ. ನೀರು ಕುಡೀರಿ ಅಂತ ಲೋಟ ಕೊಟ್ಟೆ. ತಗೊಳ್ಳುವಾಗ ಟಕ್ ಅಂತು. ನೋಡಿದ್ರೆ ಬೆರಳಿಗೆ ತಗಡಿನ ಟೋಪಿ, ಸೂಜಿ ಚುಚ್ಚದ ಹಾಗೆ ಹಾಕ್ಕೋತಾರಲ್ಲ, ಅದು. ತೆಗೆಯೋಕೂ ಮರೆತು ಬಂದಿದಾಳೆ ಪಾಪ."

ಟೀಚರಮ್ಮ ತನ್ನ ಹೆಗಲ ಚೀಲದ ಕಡೆ ನೋಡಿಕೊಂಡಳು.

ಮೊದಲ ಸಲ ಕೋಣೆಗೆ ಬಂದ ದಿನ ದರ್ಜಿಯಮ್ಮ ಮಗಳ ವಿಷಯ ಹೇಳುತ್ತ ಹೇಳುತ್ತಲೇ, ಚೀಲದ ಪಟ್ಟಿ ಬಿಟ್ಟುಹೋಗಿದ್ದು ಕಂಡು, ಅದನ್ನು ಮಡಿಲಿಗೆ ಎಳೆದುಕೊಂಡು ಹೊಲಿದುಕೊಟ್ಟಿದ್ದಳು. ಉಳಿದುಬಳಿದ ನೂಲು ಬಿಸಾಡಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಎರಡು ಬಣ್ಣದ ತುಂಡುಗಳನ್ನು ಹುರಿ ಮಾಡಿ ಒಂದೇ ಸೂಜಿಗೆ ಪೋಣಿಸುವುದು ಅವಳ ರೂಢಿ.

ಪಟ್ಟಿಯ ಮೇಲೆ ಹೊಲಿಗೆ ಕೆಂಪು, ನೀಲಿ. ಟಿಕೆಟ್ಟಿನೊಳಗಿನ ತುಂಡು ಹಳದಿ, ಹಸಿರು. ಹುರಿ ಒಂದೇ.

ನಿನ್ನೆ ಸಂಜೆ ಅವಳಿಗೆ ಈ ಜಾಗ ಹೇಳಿದ್ದು ತಾನೇ. ನಾಳೆ ನಾನೇ ಕರೆತರುತ್ತೇನೆ, ನೀವು ಮಾತ್ರ ಬರಬೇಡಿ ಎಂದಿದ್ದಳು. ಯಾವ ತಾಯಿ ಕೇಳುತ್ತಾಳೆ ಅಂಥ ಮಾತು?

ದರ್ಜಿ ಅಂಗಡಿ ಎರಡು ಓಣಿ ಆಚೆ ಇತ್ತು. ಕೆಲಸದ ಹೊತ್ತು, ಆದರೆ ಷಟರು ಮೊಣಕಾಲವರೆಗೆ ಇಳಿದಿತ್ತು. ಮುಂದಿನ ಚಾವಣಿಯ ಕೆಳಗೆ ಒಂದಿಬ್ಬರು ಮುಸುಕೆಳೆದು ಮಲಗಿದ್ದರು. ಟೀಚರಮ್ಮ ಬಗ್ಗಿ ಕೂಗಿದಳು.

"ನಾನು. ಒಳಗೆ ಬರಲಾ?"

ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು, ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, "ಬನ್ನಿ, ತಲೆ ಜೋಪಾನ," ಎಂಬ ದನಿ ಬಂತು.

ಅವಳು ನುಸುಳಿ ಬಂದದ್ದೇ ದರ್ಜಿಯಮ್ಮ ಷಟರನ್ನು ಪೂರ್ತಿ ಇಳಿಸಿ ಒಳಗಿನಿಂದ ಬೀಗ ತಿರುಗಿಸಿದಳು. ಕೀಲಿ ಮುಷ್ಟಿಯಲ್ಲೇ ಉಳಿಯಿತು.

ಕಿರಿದಾದ ಅಂಗಡಿ. ಒಂದು ಯಂತ್ರ, ಕತ್ತರಿಸುವ ಮೇಜು, ಗುಂಡಿಗಳ ಗಾಜಿನ ಡಬ್ಬಿಗಳು, ಮೂಲೆಯಲ್ಲಿ ಅಳತೆ ಹಾಕಿ ನೋಡುವವರಿಗೆಂದು ಹೂಬಟ್ಟೆಯ ಪರದೆ. ಇಸ್ತ್ರಿಯ ಬಿಸಿ ವಾಸನೆಯ ಜೊತೆಗೆ ಸೋಪಿನ ವಾಸನೆಯೂ ಇತ್ತು. ಮೇಜಿನ ಮೇಲೆ ಬಾಚಣಿಗೆ. ಹಲ್ಲುಗಳ ನಡುವೆ ಒದ್ದೆ ಕೂದಲು.

"ತಲೆನೋವು ಅಂತ ಬಾಗಿಲು ಹಾಕಿದ್ದೆ," ಎಂದಳು ದರ್ಜಿಯಮ್ಮ. ಮಾತು ಎತ್ತರದ ದನಿಯಲ್ಲಿತ್ತು, ದೂರದವರಿಗೆ ಹೇಳುವಂತೆ. "ಇವತ್ತು ಮಾತು ಬೇಡ ಮೇಡಂ. ನಾಳೆ ನಾನೇ ಬರ್ತೀನಿ."

ಟೀಚರಮ್ಮ ಟಿಕೆಟ್ಟನ್ನು ಬಿಡಿಸಿ ನೂಲನ್ನು ಮೇಜಿನ ಮೇಲಿಟ್ಟಳು.

ದರ್ಜಿಯಮ್ಮ ನೋಡಿದಳು. ತನ್ನ ಅಕ್ಷರ ತಾನು ಗುರುತಿಸುವ ಹಾಗೆ ಗುರುತಿಸಿದಳು. ಕೈ ತಾನಾಗಿಯೇ ಮೇಜಿನ ಡ್ರಾಯರಿನ ಮೇಲೆ ಹೋಗಿ ಒತ್ತಿ ಹಿಡಿಯಿತು.

"ಕದ್ದಿಲ್ಲ," ಎಂದಳು ಮೆಲ್ಲಗೆ. "ನಾನು ಹೊಲಿದದ್ದು. ಅವಳ ಶಾಲೆಯ ಕೊನೇ ವರ್ಷ ಅಂಚು ಕಟ್ಟಿಕೊಟ್ಟಿದ್ದೆ."

"ಗೊತ್ತು."

"ಅಂಥ ಬಾಗಿಲಿಗೆ ನೇತಾಡ್ತಿತ್ತು. ಯಾರೋ ಕೈ ಒರೆಸಿ ಎಸೆದ ಹಾಗೆ. ನನ್ನ ಮಗಳ ಬಟ್ಟೆ."

"ಅಮ್ಮ, ಅದು..."

"ಬೇಡ." ದರ್ಜಿಯಮ್ಮ ಒಮ್ಮೆಲೇ ಅವಳ ಮುಂಗೈ ಹಿಡಿದಳು. ಬೆರಳ ತಗಡು ತಣ್ಣಗಿತ್ತು. ಕಣ್ಣು ಮಾತ್ರ ಅಂಗಲಾಚುತ್ತಿತ್ತು. ತಲೆ ಇಲ್ಲ, ಇಲ್ಲ ಎಂದು ಆಡುತ್ತಿತ್ತು.

ಆಗ ಟೀಚರಮ್ಮನ ದೃಷ್ಟಿ ನೆಲಕ್ಕಿಳಿಯಿತು. ಬಚ್ಚಲ ಕಡೆಯಿಂದ ಪರದೆಯವರೆಗೆ ಒದ್ದೆ ಹೆಜ್ಜೆಗಳು. ಪರದೆಯ ಕೆಳಗೆ ಎರಡು ಪಾದಗಳು. ಹೊರಗೆ ಮಲಗಿ ಮಲಗಿ ಒಡೆದ ಹಿಮ್ಮಡಿ, ಈಗಷ್ಟೇ ಉಜ್ಜಿ ಉಜ್ಜಿ ತೊಳೆದು ಕೆಂಪಾದದ್ದು.

ಮಗಳು ಮನೆಗೆ ಬಂದಿದ್ದಾಳೆ.

ತಿಂಗಳುಗಟ್ಟಲೆ ಹುಡುಕಿದ್ದು ಇದಕ್ಕೇ. ಇಲ್ಲಿಗೆ ಮುಗಿಸಿ, ಸದ್ದಿಲ್ಲದೆ ಷಟರು ತೆಗೆಸಿಕೊಂಡು ಹೊರಟುಹೋಗಬಹುದಿತ್ತು. ಮಾತಾಡದೆ ಇರುವುದು ಟೀಚರಮ್ಮನಿಗೆ ಹುಟ್ಟಿನಿಂದ ಬಂದ ವಿದ್ಯೆ. ಹಾಗೆ ಹೋಗಿದ್ದರೆ ಮಗಳು ಅಮ್ಮನ ಊಟ ಉಂಡು ಮಲಗುತ್ತಿದ್ದಳು. ಅಮ್ಮ ಯಂತ್ರದ ಮುಂದೆ ಕೂತು ಆ ಉಸಿರು ಕೇಳಿಸಿಕೊಳ್ಳುತ್ತಿದ್ದಳು.

"ಅವಳು ತಾನಾಗಿ ಬಂದಳು," ಎಂದು ದರ್ಜಿಯಮ್ಮ ಅವಳ ಕಿವಿಯ ಹತ್ತಿರ, ಉಸಿರಿನಷ್ಟೇ ದನಿಯಲ್ಲಿ ಹೇಳಿದಳು. "ಅಮ್ಮಾ, ಸಾಕಾಯ್ತು ಅಂದ್ಲು. ಅವನೂ ಬಿಟ್ಟು ಹೋದ ಅಂದ್ಲು. ಆಸ್ಪತ್ರೆ ವಿಷಯ ಇಸ್ತ್ರಿ ಅಂಗಡಿಯವನು ಬಂದು ಹೇಳಿದ. ಅವಳಿಗೆ ಕೇಳಿಸಬಾರದು ಅಂತಲೇ ಯಂತ್ರ ಓಡಿಸ್ತಿದ್ದೆ. ಬಟ್ಟೆ ಹಾಕಿಲ್ಲ, ನೂಲು ಹಾಕಿಲ್ಲ, ಸುಮ್ನೆ ತುಳೀತಿದ್ದೆ. ಕೇಳಿಸಿದ್ರೆ ಹೋಗಿಬಿಡ್ತಾಳೆ ಮೇಡಂ. ಹೋದ್ರೆ ಪೊಲೀಸರು. ನಾನು ನಿಮ್ಮ ಕಾಲು ಹಿಡೀತೀನಿ."

ಟೀಚರಮ್ಮ ಅವಳನ್ನು ಬಾಗಲು ಬಿಡಲಿಲ್ಲ. ಹಿಡಿದ ಕೈ ಬಿಡಿಸಿಕೊಳ್ಳಲೂ ಇಲ್ಲ. ಗಂಟಲು ಸರಿಮಾಡಿಕೊಂಡಳು.

"ಆ ಬಟ್ಟೆ ಯಾರೂ ಎಸೆದದ್ದಲ್ಲ ಅಮ್ಮ," ಎಂದಳು. ತನ್ನ ದನಿಯನ್ನು ಇಷ್ಟು ಎತ್ತರಿಸಿದ್ದು ಅವಳಿಗೇ ನೆನಪಿರಲಿಲ್ಲ. "ಒಳಗೆ ಒಬ್ಬ ಇದಾನೆ, ತಟ್ಟಿ ನೋಡಿ ಅಂತ ಕಟ್ಟಿದ್ದು. ನಿಮ್ಮ ಮಗಳು ಹೊರಗೆ ನಿಂತು ಅವನ ಜೀವ ಕಾಯ್ತಿದ್ಲು. ಟೀ ತರೋಕೆ ಹೋಗಿದ್ಲು. ಬರೋಷ್ಟರಲ್ಲಿ ಬಟ್ಟೆ ಇರಲಿಲ್ಲ. ಅವನು ಎಲ್ಲೂ ಹೋಗಿರಲಿಲ್ಲ."

ಪರದೆಯ ಉಂಗುರಗಳು ಕಂಬಿಯ ಮೇಲೆ ಜಾರಿದವು.

ಗುಬ್ಬಿ ನಿಂತಿದ್ದಳು. ಅಮ್ಮನ ಬಟ್ಟೆ ಅವಳ ಮೈಮೇಲೆ ಎರಡು ಸುತ್ತು ಸಡಿಲ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ದರ್ಜಿಯಮ್ಮ ಕೊಟ್ಟಿದ್ದ ಫೋಟೋದಲ್ಲಿ ಕಂಡದ್ದಕ್ಕಿಂತ ಮುಖ ಚಿಕ್ಕದು, ಕಣ್ಣು ದೊಡ್ಡದು.

"ಉಸಿರಾಡ್ತಿದಾನಾ?"

"ಹೂಂ. ಆಸ್ಪತ್ರೇಲಿದಾನೆ. ಎಚ್ಚರ ಇಲ್ಲ."

"ಒಳಗೇ ಇದ್ನಾ?" ಅವಳು ಕೇಳಿದ್ದು ಟೀಚರಮ್ಮನನ್ನಲ್ಲ, ಬಹುಶಃ ಯಾರನ್ನೂ ಅಲ್ಲ. "ನಾನು ಬೈಕೊಂಡು ಬಂದೆ. ದಾರಿ ಉದ್ದಕ್ಕೂ ಬೈಕೊಂಡು ಬಂದೆ."

ದರ್ಜಿಯಮ್ಮ ಡ್ರಾಯರು ಎಳೆದಳು. ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ಆಗಲೇ ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಮಾಡಿದ್ದಳು.

"ನಿನ್ನ ವಾಸನೆ ಇತ್ತು ಕಣೇ ಅದರಲ್ಲಿ," ಎಂದಳು. "ಅಲ್ಲೇ ಬಿಟ್ಟು ಬರೋಕೆ ಕೈ ಬರಲಿಲ್ಲ."

ಗುಬ್ಬಿ ಕೂಗಾಡುತ್ತಾಳೆ ಎಂದುಕೊಂಡಳು ಟೀಚರಮ್ಮ. ಕೂಗಲಿಲ್ಲ. ಕರವಸ್ತ್ರವನ್ನೂ ಅಮ್ಮನನ್ನೂ ಒಂದಾದ ಮೇಲೊಂದು ನೋಡಿದಳು. ಆಮೇಲೆ ಹೋಗಿ ಅಮ್ಮನ ಬೆರಳಿನಿಂದ ಆ ತಗಡನ್ನು ಕಿತ್ತು ಮೇಜಿನ ಮೇಲಿಟ್ಟಳು, ಸುತ್ತು ಬಿದ್ದು ಕೆಂಪಾಗಿದ್ದ ಬೆರಳ ತುದಿಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ನಿಂಗೆ ಹೇಗೆ ಗೊತ್ತಾಗ್ಬೇಕು ಬಿಡು," ಎಂದಳು.

ಆ ಒಂದು ಮಾತಿಗೆ ದರ್ಜಿಯಮ್ಮ ಸ್ಟೂಲಿನ ಮೇಲೆ ಕುಸಿದಳು. ಮಗಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಟೀಚರಮ್ಮ ಹುಡುಗಿಯ ಹತ್ತಿರ ಬಂದಳು. ಕಾಯುವಷ್ಟು ಹೊತ್ತಿರಲಿಲ್ಲ. "ಅವನು ತಗೊಂಡಿದ್ದು ಏನು ಗುಬ್ಬಿ? ಡಾಕ್ಟರಿಗೆ ಗೊತ್ತಾಗಬೇಕು."

"ಯಾವತ್ತಿನದ್ದೇ ಅಂದ್ಕೊಂಡ್ವಿ. ಆದ್ರೆ ಕೊಟ್ಟವನು ಹೊಸಬ. ಮಾರ್ಕೆಟ್ ಹಿಂದೆ ಸಿಕ್ಕಿದ್ದ, ಹೆಲ್ಮೆಟ್ ತೆಗೆಯಲೇ ಇಲ್ಲ. ಒಂದೇ ಪೊಟ್ಟಣ, ಅರ್ಧ ಅವನಿಗೆ, ಅರ್ಧ ನಂಗೆ. ಇದೇ ಕೊನೇದು, ಆಮೇಲೆ ಕೇಂದ್ರಕ್ಕೆ ಹೋಗೋದು ಅಂದ." ಮಾತು ತಡವರಿಸಿತು. "ನನ್ನರ್ಧ ನಾನು ಮುಟ್ಟಿಲ್ಲ. ನಾನು ಕಾವಲಿದ್ನಲ್ಲ."

"ಆ ಅರ್ಧ ಎಲ್ಲಿ?"

"ಜಾಕೆಟ್ಟಲ್ಲಿ. ಒಳಜೇಬಲ್ಲಿ." ಹೇಳುತ್ತಲೇ ಅವಳ ಮುಖ ಅರಳಿತು. "ಅದನ್ನೇ ಕೊಟ್ರೆ ಡಾಕ್ಟರಿಗೆ ಗೊತ್ತಾಗುತ್ತೆ, ಅಲ್ವಾ? ಅದರಲ್ಲಿ ಏನಿದೆ ಅಂತ ನೋಡ್ತಾರೆ, ಅಲ್ವಾ?"

"ನೋಡ್ತಾರೆ."

"ಅಮ್ಮಾ, ಜಾಕೆಟ್ ಎಲ್ಲಿ?"

ದರ್ಜಿಯಮ್ಮ ಷಟರಿನ ಕಡೆ ನೋಡಿದಳು.

ಗುಬ್ಬಿ ಬಚ್ಚಲಿಗೆ ಓಡಿದಳು. ನೆನೆಸಿಟ್ಟ ಬಟ್ಟೆಯ ಟಬ್ಬಿನೊಳಗೆ ಮೊಣಕೈವರೆಗೆ ಕೈಹಾಕಿ ತಡಕಿದಳು. ಬರಿಗೈಯಲ್ಲಿ ಬಂದಳು. "ಅಮ್ಮಾ!"

"ಅದನ್ನು ಮನೆಯೊಳಗೆ ಇಟ್ಕೊಳ್ಳೋಕೆ ಆಗಲಿಲ್ಲ," ಎಂದಳು ದರ್ಜಿಯಮ್ಮ. "ಆ ಬೀದಿ, ಆ ವಾಸನೆ, ಎಲ್ಲ ಅದಕ್ಕೇ ಅಂಟಿದೆ ಅನ್ನಿಸ್ತು. ನೀನು ಸ್ನಾನಕ್ಕೆ ಹೋದಾಗ ಹೊರಗೆ ಇಟ್ಟೆ. ಚಾವಣಿ ಕೆಳಗೆ ಒಬ್ಬ ಚಳೀಲಿ ಮುದುಡಿ ಮಲಗಿದ್ದ. ಹೊದಿಸಿ ಬಂದೆ. ಒಳ್ಳೇದಾಗ್ಲಿ ಅಂತ ಹೊದಿಸಿದೆ."

"ಯಾರಿಗೆ?"

"ಯಾರೋ."

"ಯಾರೋ ಅಂದ್ರೆ? ಗಡ್ಡ ಇತ್ತಾ? ಮುದುಕನಾ? ಹುಡುಗನಾ? ಕುಂಟ್ತಾ ಬರ್ತಾನಲ್ಲ, ಅವನಾ? ನಂಗೆ ಎಲ್ಲರೂ ಗೊತ್ತು, ಹೇಳಮ್ಮಾ!"

ಗಿರಾಕಿ ಬೀದಿಯ ತಿರುವಿನಲ್ಲಿ ಕಾಣುವಾಗಲೇ ಭುಜದ ಅಳತೆ ಹೇಳುವವಳು ದರ್ಜಿಯಮ್ಮ. ವರ್ಷಗಳಿಂದ ಬೆಳಿಗ್ಗೆ ಅದೇ ಚಾವಣಿಯ ಕೆಳಗೆ ಮಲಗಿದವರನ್ನು ದಾಟಿಕೊಂಡೇ ಷಟರು ಎತ್ತಿದ್ದಾಳೆ.

"ಮುಖ ನೋಡಲಿಲ್ಲ ಕಣೇ," ಎಂದಳು.

ಷಟರಿನ ಮೇಲೆ ಲಾಠಿಯ ಬಡಿತ ಬಿತ್ತು. ಗುಂಡಿಗಳ ಡಬ್ಬಿಗಳು ಅಲುಗಿದವು.

"ಟೀಚರಮ್ಮ, ಒಳಗಿದೀರಾ?" ದಫೇದಾರನ ದನಿ. "ಕೊಳಾಯಕ್ಕನ ಹತ್ರ ನಾನೂ ಎರಡು ಮಾತು ಕೇಳ್ದೆ. ತೆಗೀರಿ. ಮೇಲಿನವರು ಫೋನ್ ಮೇಲೆ ಫೋನ್ ಹೊಡೀತಿದಾರೆ."

ಹಿಂಬಾಗಿಲಿಲ್ಲದ ಅಂಗಡಿ. ಗುಬ್ಬಿ ಹೊರಗೆ ಹೋದರೆ ಆರೋಪಿ. ಒಳಗಿದ್ದರೆ, ಎಲ್ಲೋ ಒಬ್ಬ ಆ ಜೇಬಿಗೆ ಕೈ ಹಾಕುತ್ತಾನೆ.

"ಅಮ್ಮಾ, ಕೀಲಿ," ಎಂದಳು ಗುಬ್ಬಿ.

ದರ್ಜಿಯಮ್ಮ ಎದ್ದು ಷಟರಿಗೆ ಬೆನ್ನು ಕೊಟ್ಟು ನಿಂತಳು. ಕೀಲಿಯ ಮುಷ್ಟಿ ಎದೆಗೆ ಒತ್ತಿತ್ತು. "ಈಗಷ್ಟೇ ಬಂದಿದೀಯ," ಎಂದಳು. "ತಲೆ ಕೂಡ ಒಣಗಿಲ್ಲ."

ಗುಬ್ಬಿ ಅವಳನ್ನು ತಬ್ಬಿಕೊಂಡಳು. ಒದ್ದೆ ತಲೆಯನ್ನು ಅಮ್ಮನ ಕತ್ತಿನ ಸಂದಿಯಲ್ಲಿಟ್ಟು, ಏನೋ ಹೇಳಿದಳು. ಟೀಚರಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದರಿಂದ ಅದು ಅವಳಿಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಬಾರದ್ದು ಎಂದೇ ತಿರುಗಿದ್ದಳು.

ಬೀಗ ತಿರುಗಿದ ಸದ್ದಾಯಿತು. ತಿರುಗಿಸಿದ್ದು ದರ್ಜಿಯಮ್ಮನೇ.

ಷಟರು ಮೇಲೇರುತ್ತಿದ್ದಂತೆ ಬಿಸಿಲು ನುಗ್ಗಿತು. ದಫೇದಾರ ಹುಡುಗಿಯನ್ನು ಕಂಡ. ಒಂದು ಹೆಜ್ಜೆ ಮುಂದಿಟ್ಟು ಅವಳ ಮಣಿಕಟ್ಟು ಹಿಡಿದ. ಒರಟಾಗಿ ಅಲ್ಲ, ಗಟ್ಟಿಯಾಗಿ. ಟೀಚರಮ್ಮ ಅವನೆದುರು ಬಂದು ನಿಂತು, ಪೊಟ್ಟಣ, ಜಾಕೆಟ್ಟು, ಆಸ್ಪತ್ರೆ ಎಂದು ಉಸಿರು ತಗೊಳ್ಳದೆ ಹೇಳಿದಳು. ಅವನು ಎಲ್ಲ ಕೇಳಿಸಿಕೊಂಡ. ಕೈ ಮಾತ್ರ ಬಿಡಲಿಲ್ಲ.

"ಹುಡುಗೀನ ಠಾಣೆಗೆ ಒಪ್ಪಿಸಿ ಆಮೇಲೆ ಹುಡುಕೋಣ. ಬಿಟ್ಟೆ ಅಂತ ಗೊತ್ತಾದ್ರೆ ನನ್ನ ಬಟ್ಟೆ ಬಿಚ್ತಾರೆ ಟೀಚರಮ್ಮ."

"ಅವರನ್ನೆಲ್ಲ ಗುರುತು ಹಿಡಿಯೋವಳು ಇವಳೊಬ್ಬಳೇ. ಅವರು ಮಾತಾಡೋದೂ ಇವಳ ಹತ್ರ ಮಾತ್ರ."

ಅಷ್ಟರಲ್ಲಿ ದರ್ಜಿಯಮ್ಮ ಬರಿಗಾಲಲ್ಲಿ ಹೊರಗೆ ಬಂದಿದ್ದಳು. ಚಾವಣಿಯ ಕೆಳಗೆ ಮುಸುಕೆಳೆದು ಮಲಗಿದ್ದವರ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಮೊದಲನೆಯವರ ಮುಸುಕನ್ನು ಎರಡು ಬೆರಳಿನಿಂದ ಎತ್ತಿದಳು, ಹಸುಗೂಸಿನ ತೊಟ್ಟಿಲಿನ ಬಟ್ಟೆ ಸರಿಸುವಂತೆ. ಬಿಸಿಲಿಗೆ ಕಣ್ಣು ಕಿರಿದುಮಾಡಿ ನೋಡಿದ್ದು ಒಬ್ಬ ಹೆಂಗಸು, ದರ್ಜಿಯಮ್ಮನದೇ ವಯಸ್ಸು.

"ಎಬ್ಬಿಸಿದ್ದಕ್ಕೆ ತಪ್ಪು ತಿಳೀಬೇಡಿ ಅಕ್ಕ," ಎಂದಳು ದರ್ಜಿಯಮ್ಮ. "ಇಲ್ಲಿ ಬೆಳಿಗ್ಗೆ ಒಬ್ಬರು ಮಲಗಿದ್ರು. ನಾನು ಒಂದು ಜಾಕೆಟ್ ಹೊದಿಸಿದ್ದೆ. ಅವರು ಎಲ್ಲಿ?"

ಆ ಹೆಂಗಸು ಎದ್ದು ಕೂತು ಆಕಳಿಸಿದಳು. ದರ್ಜಿಯಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ದಿನಾ ನನ್ನ ಕಾಲು ದಾಟ್ಕೊಂಡು ಹೋಗ್ತೀರಿ, ಇವತ್ತು ಅಕ್ಕ ಆದ್ನಾ?" ಎಂದು ನಕ್ಕಳು. ನಗುವಿನಲ್ಲಿ ಮುಳ್ಳಿರಲಿಲ್ಲ. "ಅವನಾ? ಈಗಷ್ಟೇ ಎದ್ದು ಹೋದ. ದೇವರು ಕೊಟ್ಟ ಜಾಕೆಟ್ಟು, ಜೇಬಲ್ಲಿ ದೇವರು ಇನ್ನೂ ಏನೋ ಇಟ್ಟಿದಾನೆ ಅಂತ ಕುಣೀತಾ ಹೋದ."

"ಎಲ್ಲಿಗೆ?" ಗುಬ್ಬಿ ಚೀರಿದಳು.

"ಇನ್ನೆಲ್ಲಿಗೆ? ಪಾರ್ಕಿಗೆ. ಒಬ್ಬನೇ."

ಗುಬ್ಬಿಯ ಇಡೀ ಮೈ ಉದ್ಯಾನದ ದಿಕ್ಕಿಗೆ ಜಗ್ಗಿತು. ಟೀಚರಮ್ಮ ಕೊಡೆ ಎಸೆದು ಓಡಲು ತಿರುಗಿದಳು, ಆದರೆ ಯಾರ ಹಿಂದೆ ಓಡಬೇಕು, ಆ ಮುಖ ಯಾವುದು, ಆ ಜಾಕೆಟ್ಟು ಯಾವುದು, ಅವಳಿಗೂ ಗೊತ್ತಿರಲಿಲ್ಲ.

ದಫೇದಾರನ ಕಿಸೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಅವನು ಅದನ್ನು ತೆಗೆಯಲಿಲ್ಲ. ಹುಡುಗಿಯ ತೆಳ್ಳನೆ ಮಣಿಕಟ್ಟಿನ ಸುತ್ತ ಬಿಗಿದಿದ್ದ ತನ್ನ ಕೈಯನ್ನೇ ನೋಡುತ್ತ ನಿಂತ.